ಎರಡು ವಿಮಾನಗಳ ನಡುವೆ ಎಂಟು ಗಂಟೆ: ಊರು ನೋಡಿ ಬರುವುದು ಹೇಗೆ?

"ನಡುವೆ ಏಳೆಂಟು ಗಂಟೆ ಟೈಮ್ ಇದೆ. ಏರ್‌ಪೋರ್ಟ್‌ನಿಂದ ಆಚೆ ಹೋಗಿ ಊರು ನೋಡಿಕೊಂಡು ಬರಬಹುದಾ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೆಲವರು ಹೆದರಿಕೊಂಡು ಅಷ್ಟೂ ಹೊತ್ತು ಕುರ್ಚಿಯಲ್ಲೇ ತೂಕಡಿಸುತ್ತಾರೆ. ಇನ್ನು ಕೆಲವರು ಹುಮ್ಮಸ್ಸಿನಲ್ಲಿ ಹೊರಟುಬಿಡುತ್ತಾರೆ, ವಾಪಸ್ ಬರುವಾಗ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಮುಂದಿನ ವಿಮಾನ ತಪ್ಪಿಸಿಕೊಳ್ಳುತ್ತಾರೆ. ಎರಡೂ ಬೇಡ. ಹೊರಡುವ ಮುಂಚೆ ಒಂದರ್ಧ ಗಂಟೆ ಕೂತು ಲೆಕ್ಕ ಹಾಕಿದರೆ, ಹೋಗಬಹುದೋ ಬೇಡವೋ ಅನ್ನುವುದು ಮನೆಯಲ್ಲೇ ಗೊತ್ತಾಗುತ್ತದೆ.

ಮೊದಲು ಒಂದು ಪದ ತಿಳಿದುಕೊಳ್ಳಿ. ಒಂದು ವಿಮಾನ ಇಳಿದು ಇನ್ನೊಂದು ಹತ್ತುವ ನಡುವಿನ ಕಾಯುವ ಸಮಯಕ್ಕೆ ಲೇಓವರ್ ಅನ್ನುತ್ತಾರೆ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಇದು 24 ಗಂಟೆ ದಾಟಿದರೆ ಅದು ಸ್ಟಾಪ್‌ಓವರ್. ಅದಕ್ಕೆ ಹೋಟೆಲ್, ಬೇರೆ ಥರದ ಟಿಕೆಟ್ ಎಲ್ಲ ಬರುತ್ತವೆ. ಇಲ್ಲಿ ಹೇಳುತ್ತಿರುವುದು ಐದರಿಂದ ಹನ್ನೆರಡು ಗಂಟೆಯ ಲೇಓವರ್ ಬಗ್ಗೆ ಮಾತ್ರ.

1. ಟಿಕೆಟ್ ಒಂದೇನಾ, ಎರಡಾ?

ಎರಡೂ ವಿಮಾನ ಒಂದೇ ಬುಕಿಂಗ್‌ನಲ್ಲಿ ಇವೆಯಾ ನೋಡಿ. ಟಿಕೆಟ್ ಮೇಲೆ ಆರು ಅಕ್ಷರ, ಅಂಕಿ ಸೇರಿದ ಒಂದು ಕೋಡ್ ಇರುತ್ತದೆ, ಅದೇ ಪಿಎನ್‌ಆರ್. ಎರಡೂ ವಿಮಾನ ಒಂದೇ ಪಿಎನ್‌ಆರ್ ಅಡಿಯಲ್ಲಿದ್ದರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಬೇರೆ ವಿಮಾನದಲ್ಲಿ ಕಳಿಸುವುದು ಕಂಪನಿಯ ಹೊಣೆ. ಬೇರೆ ಬೇರೆ ಬುಕ್ ಮಾಡಿದ್ದರೆ ಆ ರಕ್ಷಣೆ ಇಲ್ಲ. ಇದಕ್ಕೆ ಸೆಲ್ಫ್ ಟ್ರಾನ್ಸ್‌ಫರ್ ಅನ್ನುತ್ತಾರೆ. ಇದರಲ್ಲಿ ಸಾಮಾನ್ಯವಾಗಿ ನೀವೇ ಲಗೇಜ್ ಎತ್ತಿಕೊಂಡು, ಆಚೆ ಬಂದು, ಮತ್ತೆ ಚೆಕ್‌ಇನ್ ಮಾಡಬೇಕು. ಅಗ್ಗದ ಟಿಕೆಟ್ ಹುಡುಕಿಕೊಡುವ ವೆಬ್‌ಸೈಟ್‌ಗಳು ಹೀಗೆ ಎರಡು ಟಿಕೆಟ್ ಸೇರಿಸಿ ಒಂದೇ ಪ್ರಯಾಣದ ಹಾಗೆ ತೋರಿಸುವುದುಂಟು. ದುಡ್ಡು ಕಟ್ಟುವ ಮುಂಚೆ ಸಣ್ಣ ಅಕ್ಷರದ ಸಾಲನ್ನೂ ಓದಿ.

ಇನ್ನೊಂದು ವಿಷಯ. ಇಳಿಯುವ ಏರ್‌ಪೋರ್ಟ್, ಹತ್ತುವ ಏರ್‌ಪೋರ್ಟ್ ಎರಡೂ ಒಂದೇನಾ ಅಂತ ನೋಡಿ. ದೊಡ್ಡ ಊರುಗಳಲ್ಲಿ ಎರಡು, ಮೂರು ಏರ್‌ಪೋರ್ಟ್ ಇರುತ್ತವೆ. ಲಂಡನ್‌ನಲ್ಲಿ ಹೀಥ್ರೂ, ಗ್ಯಾಟ್‌ವಿಕ್ ಬೇರೆ ಬೇರೆ ದಿಕ್ಕಿನಲ್ಲಿವೆ. ಟೋಕಿಯೊದಲ್ಲಿ ನರಿಟಾ ಒಂದು ಕಡೆ, ಹನೇಡಾ ಇನ್ನೊಂದು ಕಡೆ. ಇಸ್ತಾಂಬುಲ್‌ನ ಹೊಸ ಏರ್‌ಪೋರ್ಟ್ ಯುರೋಪ್ ಭಾಗದಲ್ಲಿದ್ದರೆ, ಸಬಿಹಾ ಗೊಕ್ಚೆನ್ ಏಷ್ಯಾ ಭಾಗದಲ್ಲಿದೆ. ಟಿಕೆಟ್‌ನಲ್ಲಿ ಊರಿನ ಹೆಸರು ಒಂದೇ ಇರುವುದರಿಂದ ಇದು ಸುಲಭವಾಗಿ ಕಣ್ಣು ತಪ್ಪುತ್ತದೆ. ಏರ್‌ಪೋರ್ಟ್ ಬದಲಾಗುತ್ತಿದ್ದರೆ ನಿಮ್ಮ ಲೇಓವರ್ ಆ ಓಡಾಟಕ್ಕೇ ಮುಗಿಯುತ್ತದೆ. ಊರು ನೋಡುವ ಆಸೆ ಬಿಟ್ಟುಬಿಡಿ.

2. ಆಚೆ ಹೋಗಲು ನಿಮಗೆ ಅನುಮತಿ ಇದೆಯಾ?

ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಏರ್‌ಪೋರ್ಟ್ ಒಳಗೆ ವಿಮಾನ ಬದಲಿಸಲು ಬೇಕಾದ ಅನುಮತಿ ಬೇರೆ, ಬಾಗಿಲು ದಾಟಿ ಊರಿಗೆ ಹೋಗಲು ಬೇಕಾದ ಅನುಮತಿ ಬೇರೆ. ನೀವು ಬರೀ ಆರು ಗಂಟೆ ಇರುತ್ತೀರಿ ಅಂದರೂ, ಇಮಿಗ್ರೇಶನ್ ದಾಟಿದರೆ ಆ ದೇಶಕ್ಕೆ ಪ್ರವೇಶ ಮಾಡಿದ ಹಾಗೇ ಲೆಕ್ಕ.

ಟ್ರಾನ್ಸಿಟ್ ವೀಸಾ ಅನ್ನುವ ಹೆಸರು ಕೇಳಿ ಮೋಸ ಹೋಗಬೇಡಿ. ಯುರೋಪಿನ ಷೆಂಗೆನ್ ಒಕ್ಕೂಟದ (ಒಂದೇ ವೀಸಾ ನಡೆಯುವ ದೇಶಗಳ ಗುಂಪು) ಏರ್‌ಪೋರ್ಟ್ ಟ್ರಾನ್ಸಿಟ್ ವೀಸಾ ಇದ್ದರೆ ಏರ್‌ಪೋರ್ಟ್‌ನ ಅಂತರರಾಷ್ಟ್ರೀಯ ಭಾಗದಲ್ಲಿ ಇರಬಹುದು, ಅಷ್ಟೇ. ಪ್ಯಾರಿಸ್ಸೋ ಫ್ರಾಂಕ್‌ಫರ್ಟೋ ನೋಡಬೇಕಾದರೆ ಬೇರೆ ವೀಸಾ ಬೇಕು. ಬ್ರಿಟನ್‌ನಲ್ಲೂ ಒಳಗೇ ವಿಮಾನ ಬದಲಿಸುವವರ ವೀಸಾ ಒಂದು, ಗಡಿ ದಾಟಿ ಹೊರಗೆ ಬಂದು ಮತ್ತೆ ಹತ್ತುವವರದು ಇನ್ನೊಂದು. ಅಮೆರಿಕದ ಕಥೆಯೇ ಬೇರೆ. ಅಲ್ಲಿ ಒಳಗೇ ಉಳಿದು ವಿಮಾನ ಬದಲಿಸುವ ವ್ಯವಸ್ಥೆ ಇಲ್ಲ. ಮುಂದೆ ಬೇರೆ ದೇಶಕ್ಕೆ ಹೋಗುವವರೂ ಇಮಿಗ್ರೇಶನ್ ದಾಟಲೇಬೇಕು, ಅದಕ್ಕೆ ತಕ್ಕ ವೀಸಾ ಅಥವಾ ಅನುಮತಿ ಮೊದಲೇ ಇರಬೇಕು.

ಚೀನಾ ಕೆಲವು ಪ್ರಯಾಣಿಕರಿಗೆ ವೀಸಾ ಇಲ್ಲದ ಟ್ರಾನ್ಸಿಟ್ ಕೊಡುತ್ತದೆ. ಆದರೆ ಷರತ್ತು ಇದೆ: ನೀವು ಒಂದು ದೇಶದಿಂದ ಬಂದು ಮೂರನೇ ದೇಶಕ್ಕೆ ಹೋಗುತ್ತಿರಬೇಕು. ಹೊರಟ ದೇಶಕ್ಕೇ ವಾಪಸ್ ಹೋಗುವವರಿಗೆ ಅದು ಸಿಗುವುದಿಲ್ಲ.

ಈ ನಿಯಮಗಳು ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು ಅನ್ನುವುದರ ಮೇಲೆ ನಿಂತಿವೆ, ಆಗಾಗ ಬದಲಾಗುತ್ತವೆ ಕೂಡ. "ನಮ್ಮ ಪರಿಚಯದವರು ಹೋದ ವರ್ಷ ಹೀಗೇ ಹೋಗಿ ಬಂದರು" ಅನ್ನುವ ಮಾತನ್ನು ನಂಬಿ ಹೊರಡಬೇಡಿ. ಆ ದೇಶದ ಇಮಿಗ್ರೇಶನ್ ಇಲಾಖೆಯ ಅಧಿಕೃತ ವೆಬ್‌ಸೈಟ್ ನೋಡಿ, ಆಮೇಲೆ ವಿಮಾನ ಕಂಪನಿಗೂ ಒಂದು ಮಾತು ಕೇಳಿ. ವೀಸಾದ ಜೊತೆಗೆ ಆನ್‌ಲೈನ್ ಫಾರ್ಮ್ ಏನಾದರೂ ಇದೆಯಾ ಅಂತಲೂ ನೋಡಿ. ಸಿಂಗಾಪುರದಲ್ಲಿ ಇಮಿಗ್ರೇಶನ್ ದಾಟುವವರು ಅರೈವಲ್ ಕಾರ್ಡ್ ಅನ್ನು ಬರುವ ಮುಂಚಿನ ಮೂರು ದಿನಗಳ ಒಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ಇದನ್ನು ಕ್ಯೂನಲ್ಲಿ ನಿಂತು ತುಂಬಲು ಹೋದರೆ ಸುಮ್ನೆ ಕಾಲು ಗಂಟೆ ಹೋಗುತ್ತದೆ.

3. ಪೆಟ್ಟಿಗೆ ಎಲ್ಲಿಗೆ ಹೋಗುತ್ತಿದೆ?

ಮೊದಲ ಏರ್‌ಪೋರ್ಟ್‌ನಲ್ಲಿ ಚೆಕ್‌ಇನ್ ಮಾಡುವಾಗ ಸಿಬ್ಬಂದಿ ನಿಮ್ಮ ಪೆಟ್ಟಿಗೆಯ ಹಿಡಿಗೆ ಉದ್ದನೆಯ ಕಾಗದದ ಪಟ್ಟಿ ಸುತ್ತುತ್ತಾರೆ. ಅದರ ಮೇಲೆ ದಪ್ಪ ಅಕ್ಷರದಲ್ಲಿ ಮೂರಕ್ಷರದ ಕೋಡ್ ಇರುತ್ತದೆ. ಪ್ರತಿ ಏರ್‌ಪೋರ್ಟ್‌ಗೂ ಅಂಥದ್ದೊಂದು ಇದೆ: ಸಿಂಗಾಪುರಕ್ಕೆ ಎಸ್‌ಐಎನ್, ಹೀಥ್ರೂಗೆ ಎಲ್‌ಎಚ್‌ಆರ್, ಹಾಂಗ್‌ಕಾಂಗ್‌ಗೆ ಎಚ್‌ಕೆಜಿ. ಪೆಟ್ಟಿಗೆ ಬೆಲ್ಟ್ ಮೇಲೆ ಹೋಗುವ ಮುಂಚೆ ಆ ದಪ್ಪ ಅಕ್ಷರ ಓದಿ. ನೀವು ಕೊನೆಗೆ ಇಳಿಯುವ ಊರಿನ ಕೋಡ್ ಇದ್ದರೆ ಪೆಟ್ಟಿಗೆ ನೇರ ಅಲ್ಲಿಗೆ ಹೋಗುತ್ತದೆ, ನಡುವಿನ ಊರಿನಲ್ಲಿ ನೀವು ಕೈಬೀಸಿಕೊಂಡು ಓಡಾಡಬಹುದು. ನಡುವಿನ ಊರಿನ ಕೋಡ್ ಇದ್ದರೆ ಅಲ್ಲೇ ಎತ್ತಿಕೊಳ್ಳಬೇಕು. ಅನುಮಾನ ಇದ್ದರೆ ಕೌಂಟರ್‌ನಲ್ಲೇ ಕೇಳಿ. ನಿಮ್ಮ ಕೈಗೆ ಕೊಡುವ ಸಣ್ಣ ಸ್ಟಿಕ್ಕರ್‌ನಲ್ಲೂ ಅದೇ ಕೋಡ್ ಇರುತ್ತದೆ, ಅದನ್ನು ಬಿಸಾಡಬೇಡಿ.

ಅಮೆರಿಕದಲ್ಲಿ ಸಾಮಾನ್ಯವಾಗಿ ಕೊನೆಯ ಊರಿನ ಕೋಡ್ ಇದ್ದರೂ ಮೊದಲು ಇಳಿದ ಏರ್‌ಪೋರ್ಟ್‌ನಲ್ಲಿ ಪೆಟ್ಟಿಗೆ ಎತ್ತಿ, ಕಸ್ಟಮ್ಸ್ ದಾಟಿ, ಮತ್ತೆ ಒಪ್ಪಿಸಬೇಕು. ಇದಕ್ಕೆ ಹೆಚ್ಚುವರಿ ಸಮಯ ಇಟ್ಟುಕೊಳ್ಳಿ.

ಪೆಟ್ಟಿಗೆ ಮುಂದಕ್ಕೆ ಹೋಗುತ್ತದೆ ಅಂದರೆ ಅದರೊಳಗಿನ ಸ್ವೆಟರ್ ಕೂಡ ಹೋಗುತ್ತದೆ ಅಲ್ವಾ? ನಡುವಿನ ಊರಿನಲ್ಲಿ ಚಳಿಯೋ, ಮಳೆಯೋ, 40 ಡಿಗ್ರಿ ದಾಟಿದ ಬಿಸಿಲೋ ನೋಡಿ, ಅದಕ್ಕೆ ಬೇಕಾದ ಬಟ್ಟೆಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಆರಾಮಾಗಿ ನಡೆಯುವ ಚಪ್ಪಲಿ ಅಥವಾ ಶೂ, ಚಾರ್ಜರ್, ದಿನಾ ತೆಗೆದುಕೊಳ್ಳುವ ಮಾತ್ರೆ ಕೂಡ ಅಲ್ಲೇ ಇರಲಿ.

ಕೈಚೀಲವೂ ಭಾರ ಇದ್ದರೆ ದೊಡ್ಡ ಏರ್‌ಪೋರ್ಟ್‌ಗಳಲ್ಲಿ ಲೆಫ್ಟ್ ಲಗೇಜ್ ಕೌಂಟರ್ ಇರುತ್ತದೆ, ಅಂದರೆ ಬಾಡಿಗೆ ಕೊಟ್ಟು ಸಾಮಾನು ಇಟ್ಟು ಹೋಗುವ ಜಾಗ. ಅದು ಯಾವ ಟರ್ಮಿನಲ್‌ನಲ್ಲಿದೆ, ಎಷ್ಟು ಹೊತ್ತಿಗೆ ಮುಚ್ಚುತ್ತದೆ ಅಂತ ಮೊದಲೇ ನೋಡಿಕೊಳ್ಳಿ. ಪಾಸ್‌ಪೋರ್ಟ್, ಬೋರ್ಡಿಂಗ್ ಪಾಸ್, ಮಾತ್ರೆ ಯಾವತ್ತೂ ಅದರಲ್ಲಿ ಇಡಬೇಡಿ.

4. ಗಂಟೆಗಳನ್ನು ಕೊನೆಯಿಂದ ಎಣಿಸಿ

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಊರಿನಿಂದ ವಾಪಸ್ ಹೊರಡುವ ಗಂಟೆಯನ್ನು ಮೊದಲು ಗೊತ್ತು ಮಾಡಿ, ಏನು ನೋಡುವುದು ಅನ್ನುವುದನ್ನು ಆಮೇಲೆ ಯೋಚಿಸಿ.

ಟಿಕೆಟ್‌ನಲ್ಲಿ ಎಂಟು ಗಂಟೆ ಅಂತ ಇರುತ್ತದೆ. ಅದರಲ್ಲಿ ನಿಮ್ಮ ಕೈಗೆ ಎಷ್ಟು ಸಿಗುತ್ತದೆ? ಹಾಂಗ್‌ಕಾಂಗ್ ಅನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅಲ್ಲಿ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ರೈಲು ಸುಮಾರು 24 ನಿಮಿಷದಲ್ಲಿ ಊರ ನಡುವಿನ ಹಾಂಗ್‌ಕಾಂಗ್ ಸ್ಟೇಷನ್ ಮುಟ್ಟುತ್ತದೆ, ಹಾಗಾಗಿ ಲೆಕ್ಕ ಸುಲಭ. ವಿಮಾನ ಬೆಳಿಗ್ಗೆ 9ಕ್ಕೆ ಇಳಿಯುತ್ತದೆ, ಮುಂದಿನದು ಸಂಜೆ 5ಕ್ಕೆ ಹೊರಡುತ್ತದೆ ಅಂತ ಇಟ್ಟುಕೊಳ್ಳಿ.

ಕೊನೆಯಿಂದ ಶುರು ಮಾಡಿ. 5 ಗಂಟೆ ಅನ್ನುವುದು ವಿಮಾನ ಹೊರಡುವ ಹೊತ್ತು. ಗೇಟ್ ಅದಕ್ಕಿಂತ ಕಾಲು ಗಂಟೆ, ಇಪ್ಪತ್ತು ನಿಮಿಷ ಮುಂಚೆಯೇ ಮುಚ್ಚುತ್ತದೆ. ಅದರ ಮುಂಚೆ ಇಮಿಗ್ರೇಶನ್, ಸೆಕ್ಯುರಿಟಿ ಎರಡೂ ಮತ್ತೆ ದಾಟಬೇಕು, ಗೇಟ್‌ವರೆಗೆ ನಡೆಯಬೇಕು. ಹಾಗಾಗಿ 3 ಗಂಟೆಗೆ ಏರ್‌ಪೋರ್ಟ್ ಒಳಗೆ ಕಾಲಿಟ್ಟಿರಬೇಕು. ರೈಲಿಗೆ 24 ನಿಮಿಷ, ಕಾಯಲು ಹತ್ತು, ದಾರಿ ತಪ್ಪಿದರೆ, ಟಿಕೆಟ್ ಯಂತ್ರ ಕೈಕೊಟ್ಟರೆ ಅಂತ ಇನ್ನೊಂದು ಇಪ್ಪತ್ತೈದು. ಅಲ್ಲಿಗೆ ಒಂದು ಗಂಟೆ. ಅಂದರೆ 2 ಗಂಟೆಗೆ ಹಾಂಗ್‌ಕಾಂಗ್ ಸ್ಟೇಷನ್‌ನಲ್ಲಿ ಇರಬೇಕು. ಇದು ಕದಲದ ಗಂಟೆ.

ಈಗ ಮುಂದಿನಿಂದ. 9ಕ್ಕೆ ಇಳಿದ ವಿಮಾನ ಗೇಟ್‌ಗೆ ಬಂದು, ಬಾಗಿಲು ತೆಗೆದು, ಹಿಂದಿನ ಸಾಲಿನವರು ಕೆಳಗಿಳಿಯುವಷ್ಟರಲ್ಲಿ 9:30. ಉದ್ದನೆಯ ಕಾರಿಡಾರ್ ನಡೆದು ಇಮಿಗ್ರೇಶನ್ ಕ್ಯೂ ದಾಟುವಷ್ಟರಲ್ಲಿ 10:30. ಚೀಲ ಒಪ್ಪಿಸಿ ಪ್ಲಾಟ್‌ಫಾರಂಗೆ ಬಂದರೆ 10:45. ಊರಲ್ಲಿ ಇಳಿದಾಗ 11:10.

11:10ರಿಂದ 2 ಗಂಟೆ. ಎಂಟು ಗಂಟೆಯ ಲೇಓವರ್‌ನಲ್ಲಿ ನಿಮಗೆ ನಿಜಕ್ಕೂ ಸಿಕ್ಕಿದ್ದು ಮೂರು ಗಂಟೆಗೂ ಕಡಿಮೆ. ಅದೂ ರೈಲು ಚುರುಕಾಗಿರುವ ಊರಿನಲ್ಲಿ! ಕಡಿಮೆ ಅನ್ನಿಸಬಹುದು, ಆದರೆ ಒಂದು ಜಾಗವನ್ನು ಮನಸಾರೆ ನೋಡಲು ಮೂರು ಗಂಟೆ ಸಾಕು.

ನನ್ನ ಅಂದಾಜು ಹೀಗಿದೆ. ಐದು ಗಂಟೆಗಿಂತ ಕಡಿಮೆ ಇದ್ದರೆ ಒಳಗೇ ಇರಿ. ಐದರಿಂದ ಏಳು ಗಂಟೆ ಇದ್ದರೆ, ಏರ್‌ಪೋರ್ಟ್ ಊರಿಗೆ ತೀರಾ ಹತ್ತಿರ ಇದ್ದು ನೇರ ರೈಲು ಇದ್ದಾಗ ಮಾತ್ರ ಹೋಗಿ. ಏಳು ಗಂಟೆ ದಾಟಿದರೆ ಹೆಚ್ಚಿನ ಊರುಗಳಲ್ಲಿ ಹೋಗಿ ಬರಬಹುದು. ಪುಟ್ಟ ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಎರಡೂ ಕಡೆ ಅರ್ಧರ್ಧ ಗಂಟೆ ಜಾಸ್ತಿ ಸೇರಿಸಿ. ಎರಡು ಬೇರೆ ಟಿಕೆಟ್ ಇದ್ದರೆ ಇನ್ನೂ ಒಂದು ಗಂಟೆ ಸೇರಿಸಿ. ಯಾಕೆಂದರೆ ಎಷ್ಟೋ ಕಂಪನಿಗಳ ಅಂತರರಾಷ್ಟ್ರೀಯ ಚೆಕ್‌ಇನ್ ಕೌಂಟರ್ ವಿಮಾನ ಹೊರಡುವ ಒಂದು ಗಂಟೆ ಮುಂಚೆಯೇ ಮುಚ್ಚುತ್ತದೆ.

ವೆಬ್‌ಸೈಟ್‌ಗಳಲ್ಲಿ ಮಿನಿಮಮ್ ಕನೆಕ್ಷನ್ ಟೈಮ್ ಅಂತ ಒಂದು ಅಂಕಿ ಕಾಣಿಸುತ್ತದೆ. ಅದು ಒಂದು ವಿಮಾನದಿಂದ ಇನ್ನೊಂದಕ್ಕೆ ನೇರ ಹೋಗಲು ಬೇಕಾದ ಕನಿಷ್ಠ ಸಮಯ. ಊರಿಗೆ ಹೋಗಿ ಬರುವವರು ಆ ಅಂಕಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು.

ಒಂದು ಎಚ್ಚರಿಕೆ: ಷೆಂಗೆನ್‌ನ 29 ದೇಶಗಳಲ್ಲಿ 2025ರ ಅಕ್ಟೋಬರ್‌ನಿಂದ ಹೊಸ ಗಡಿ ದಾಖಲಾತಿ ವ್ಯವಸ್ಥೆ ಹಂತ ಹಂತವಾಗಿ ಬಂದಿದೆ. ಹೊರಗಿನ ದೇಶದವರು ಬೆರಳಚ್ಚು, ಮುಖದ ಫೋಟೊ ಕೊಡಬೇಕು. ಮೊದಲ ಸಲ ಹೋಗುವವರು ಆ ಊರುಗಳಲ್ಲಿ ಇಮಿಗ್ರೇಶನ್‌ಗೆ ಸ್ವಲ್ಪ ಧಾರಾಳವಾಗಿಯೇ ಸಮಯ ಇಟ್ಟುಕೊಳ್ಳಿ.

5. ಊರು ಎಷ್ಟು ದೂರ, ಹೋಗುವುದು ಹೇಗೆ?

ಕಿಲೋಮೀಟರ್ ನೋಡಬೇಡಿ, ನಿಮಿಷ ನೋಡಿ. ಸಾಧ್ಯವಾದಷ್ಟೂ ರೈಲು ಅಥವಾ ಮೆಟ್ರೊ ಹಿಡಿಯಿರಿ. ಟ್ಯಾಕ್ಸಿ ಹೋಗುವಾಗ ಅರ್ಧ ಗಂಟೆಯಲ್ಲಿ ಮುಟ್ಟಿಸಿ, ಬರುವಾಗ ಎರಡು ಗಂಟೆ ತೆಗೆದುಕೊಳ್ಳಬಹುದು. ಸಂಜೆ ಹೊತ್ತು ಬ್ಯಾಂಕಾಕ್, ಇಸ್ತಾಂಬುಲ್‌ನಂಥ ಊರಿನ ರಸ್ತೆ ನಂಬಿಕೊಂಡು ವಿಮಾನ ಹಿಡಿಯುವುದು ದೊಡ್ಡ ತಲೆನೋವು.

ಆಮ್‌ಸ್ಟರ್‌ಡಾಂ, ಜೂರಿಚ್, ಕೋಪನ್‌ಹೇಗನ್, ಫ್ರಾಂಕ್‌ಫರ್ಟ್ ಇವೆಲ್ಲ ಲೇಓವರ್‌ಗೆ ಹೇಳಿ ಮಾಡಿಸಿದ ಊರುಗಳು. ಏರ್‌ಪೋರ್ಟ್ ಕೆಳಗೇ ಅಥವಾ ಪಕ್ಕದಲ್ಲೇ ರೈಲು ನಿಲ್ಲುತ್ತದೆ, ಕಾಲು ಗಂಟೆ ಆಸುಪಾಸಿನಲ್ಲಿ ಊರ ನಡುವೆ ಇರುತ್ತೀರಿ. ಹೀಥ್ರೂದಿಂದ ಎಕ್ಸ್‌ಪ್ರೆಸ್ ರೈಲು 15 ನಿಮಿಷದಲ್ಲಿ ಲಂಡನ್‌ನ ಪ್ಯಾಡಿಂಗ್‌ಟನ್ ಸ್ಟೇಷನ್ ಮುಟ್ಟಿಸುತ್ತದೆ. ಕ್ವಾಲಾಲಂಪುರದಲ್ಲಿ ಏರ್‌ಪೋರ್ಟ್ ಊರಿಂದ ಬಹಳ ದೂರ, ಆದರೂ ಎಕ್ಸ್‌ಪ್ರೆಸ್ ರೈಲಿನಲ್ಲಿ ಒಂದನೇ ಟರ್ಮಿನಲ್‌ನಿಂದ 28 ನಿಮಿಷ. ಸೋಲ್‌ನ ಇಂಚಾನ್ ಏರ್‌ಪೋರ್ಟ್‌ನಿಂದ ಸೋಲ್ ಸ್ಟೇಷನ್‌ಗೆ ನಡುವೆ ಎಲ್ಲೂ ನಿಲ್ಲದ ರೈಲಿನಲ್ಲೇ 43 ನಿಮಿಷ ಬೇಕು.

ಟೋಕಿಯೊದ ವಿಷಯ ಗಮನಿಸಿ. ಹನೇಡಾ ಊರಿಗೆ ಅಂಟಿಕೊಂಡಿದೆ. ನರಿಟಾ ಸುಮಾರು 60 ಕಿಲೋಮೀಟರ್ ದೂರ. ನರಿಟಾದಲ್ಲಿ ಏಳು ಗಂಟೆ ಸಿಕ್ಕಿದರೆ ಟೋಕಿಯೊಗೆ ಓಡಬೇಡಿ. ಏರ್‌ಪೋರ್ಟ್‌ನಿಂದ ಹತ್ತೇ ನಿಮಿಷದ ರೈಲು ದೂರದಲ್ಲಿ ನರಿಟಾ ಅನ್ನುವ ಊರೇ ಇದೆ. ಸ್ಟೇಷನ್‌ನಿಂದ ಹಳೆಯ ಅಂಗಡಿ ಸಾಲಿನ ಇಳಿಜಾರು ಬೀದಿ ಹಿಡಿದು ನಡೆದರೆ ನರಿಟಾಸಾನ್ ಶಿನ್‌ಶೋಜಿ ಎಂಬ ಬೌದ್ಧ ದೇವಾಲಯ ಸಿಗುತ್ತದೆ. 940ರಲ್ಲಿ ಸ್ಥಾಪನೆಯಾದದ್ದು. ಹಿಂದೆ ದೊಡ್ಡ ತೋಟ, ಕೊಳ. ಇದು ನನಗೆ ತುಂಬ ಇಷ್ಟವಾದ ಉಪಾಯ: ದೊಡ್ಡ ಊರು ದೂರ ಇದ್ದರೆ ಏರ್‌ಪೋರ್ಟ್ ಪಕ್ಕದ ಸಣ್ಣ ಊರನ್ನು ಹುಡುಕಿ. ಜನಜಂಗುಳಿ ಕಡಿಮೆ, ಆತಂಕವೂ ಕಡಿಮೆ.

ಯಾರ ತಲೆನೋವೂ ಬೇಡ ಅನ್ನುವವರಿಗೆ ಏರ್‌ಪೋರ್ಟ್ ಅಥವಾ ವಿಮಾನ ಕಂಪನಿಯೇ ನಡೆಸುವ ಉಚಿತ ಪ್ರವಾಸಗಳಿವೆ. ಸಿಂಗಾಪುರದ ಚಾಂಗಿಯಲ್ಲಿ ಐದೂವರೆ ಗಂಟೆಯಿಂದ 24 ಗಂಟೆ ಒಳಗಿನ ಲೇಓವರ್ ಇರುವವರಿಗೆ ಬಸ್ಸಿನಲ್ಲಿ ಊರು ತೋರಿಸುತ್ತಾರೆ. ಇಸ್ತಾಂಬುಲ್‌ನಲ್ಲಿ ಟರ್ಕಿಷ್ ಏರ್‌ಲೈನ್ಸ್ ತನ್ನ ಅಂತರರಾಷ್ಟ್ರೀಯ ಪ್ರಯಾಣಿಕರಿಗೆ ಆರರಿಂದ 24 ಗಂಟೆಯ ಲೇಓವರ್ ಇದ್ದರೆ ಇಂಥದ್ದೇ ಪ್ರವಾಸ ಮಾಡಿಸುತ್ತದೆ. ಇಂಚಾನ್, ತೈಪೆಯ ತಾವ್‌ಯುವಾನ್ ಏರ್‌ಪೋರ್ಟ್‌ಗಳಲ್ಲೂ ಇದೆ. ಹೊತ್ತು ಹೊತ್ತಿಗೆ ವಾಪಸ್ ತಂದು ಬಿಡುವುದರಿಂದ ಮೊದಲ ಸಲ ಹೋಗುವವರಿಗೆ ಇದೇ ಒಳ್ಳೆಯದು. ಸೀಟು ಸೀಮಿತ, ಮೊದಲೇ ಹೆಸರು ಕೊಡಿ. ಪ್ರವಾಸ ಉಚಿತವಾದರೂ ವೀಸಾ ನಿಯಮ ನಿಮಗೂ ಅನ್ವಯಿಸುತ್ತದೆ.

6. ಒಂದೇ ಜಾಗ ಆರಿಸಿ

ಮೂರು ಗಂಟೆಯಲ್ಲಿ ಐದು ಜಾಗ ಅಂತ ಪಟ್ಟಿ ಮಾಡಿದರೆ ಐದರ ಬಾಗಿಲು ನೋಡಿ ಬರುತ್ತೀರಿ ಅಷ್ಟೇ. ರೈಲು ನಿಲ್ದಾಣದಿಂದ ನಡೆದು ಮುಟ್ಟುವಂಥ ಒಂದು ಜಾಗ, ಅದರ ಹತ್ತಿರವೇ ಊಟ. ಇಷ್ಟೇ ಸಾಕು.

ಆ ಜಾಗ ಬಯಲಿನಲ್ಲಿದ್ದರೆ ಒಳ್ಳೆಯದು: ನದಿ ದಂಡೆ, ಹಳೆ ಪೇಟೆ, ಚೌಕ, ಪಾರ್ಕ್. ಟಿಕೆಟ್ ಕ್ಯೂ ಇರುವುದಿಲ್ಲ, ಯಾವಾಗ ಬೇಕಾದರೂ ಬಿಟ್ಟು ಹೊರಡಬಹುದು. ಮ್ಯೂಸಿಯಂ, ಎತ್ತರದ ಗೋಪುರ ಹತ್ತುವುದು, ಕೇಬಲ್ ಕಾರ್ ಇವು ಲೇಓವರ್‌ಗೆ ಹೊಂದುವುದಿಲ್ಲ. ಮೇಲೆ ಹೋದವರಿಗೆ ಕೆಳಗಿಳಿಯಲು ಇನ್ನೊಂದು ಕ್ಯೂ ಇರುತ್ತದೆ ಅನ್ನುವುದನ್ನು ಜನ ಮರೆಯುತ್ತಾರೆ. ಮ್ಯೂಸಿಯಂಗೇ ಹೋಗಬೇಕು ಅನ್ನಿಸಿದರೆ ವಾರದ ರಜೆ ನೋಡಿ. ಪ್ಯಾರಿಸ್ಸಿನ ಲೂವ್ರ್, ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆ ಎರಡಕ್ಕೂ ಮಂಗಳವಾರ ರಜೆ.

ಹಾಂಗ್‌ಕಾಂಗ್‌ನ ಆ 11:10ರಿಂದ 2 ಗಂಟೆಯನ್ನು ನಾನು ಹೀಗೆ ಕಳೆಯಲು ಹೇಳುತ್ತೇನೆ. ಸ್ಟೇಷನ್‌ನಿಂದ ಮೇಲ್ಸೇತುವೆ ಹಿಡಿದು ಸೆಂಟ್ರಲ್‌ನ ದೋಣಿಕಟ್ಟೆಗೆ ನಡೆಯಿರಿ. ಅಲ್ಲಿಂದ ಸ್ಟಾರ್ ಫೆರ್ರಿ ಹತ್ತಿ. ಹಸಿರು ಬಿಳಿ ಬಣ್ಣದ ಹಳೇ ಮಾದರಿಯ ದೋಣಿ, ಮರದ ಬೆಂಚು. ಕಟ್ಟೆ ಬಿಟ್ಟ ಕೂಡಲೇ ಹಿಂದೆ ತಿರುಗಿ ನೋಡಿ, ನೀವು ಈಗ ತಾನೇ ನಡೆದು ಬಂದ ಕಟ್ಟಡಗಳೆಲ್ಲ ಬೆಟ್ಟಕ್ಕೆ ಒರಗಿ ನಿಂತ ಹಾಗೆ ಕಾಣುತ್ತವೆ. ಸುಮಾರು ಹತ್ತು ನಿಮಿಷದಲ್ಲಿ ಆಚೆ ದಡದ ಚಿಮ್ ಶಾ ಚುಯ್. ಇಳಿದ ತಕ್ಷಣ 1915ರ ಗಡಿಯಾರ ಗೋಪುರ. ಅಲ್ಲಿಂದ ನೀರಂಚಿನ ನಡೆದಾರಿಯಲ್ಲಿ ಅಡ್ಡಾಡಿ, ಎಲ್ಲಾದರೂ ಕೂತು ಊಟ ಮಾಡಿ, 1:15ಕ್ಕೆ ಅದೇ ದೋಣಿಯಲ್ಲಿ ವಾಪಸ್. ಒಂದು ದೋಣಿ, ಒಂದು ದಡ, ಒಂದು ಊಟ. ಊರಿನ ಗಾಳಿ ನಿಮಗೆ ಸೋಕಿರುತ್ತದೆ.

ದೋಹಾದಲ್ಲಾದರೆ ಮೆಟ್ರೊ ಹಿಡಿದು ಸೂಕ್ ವಾಕಿಫ್ ಅನ್ನುವ ಹಳೆ ಪೇಟೆ, ದುಬೈನಲ್ಲಾದರೆ ಕ್ರೀಕ್, ಅಂದರೆ ಊರೊಳಗೆ ಚಾಚಿದ ಸಮುದ್ರದ ಹಿನ್ನೀರು ದಾಟಿಸುವ ಅಬ್ರಾ ದೋಣಿ. ಬೇಸಿಗೆಯ ನಡುಮಧ್ಯಾಹ್ನ ಈ ಎರಡು ಊರುಗಳಲ್ಲಿ ಬಯಲಲ್ಲಿ ಓಡಾಡುವ ಸಾಹಸ ಬೇಡ, ಸಂಜೆಯಾದರೆ ಹೋಗಿ. ರಾತ್ರಿ ಲೇಓವರ್ ಆದರೆ ಇನ್ನೊಂದು ಕಡೆ ಗಮನ ಇರಲಿ: ಎಷ್ಟೋ ಊರುಗಳಲ್ಲಿ ಮೆಟ್ರೊ ಮಧ್ಯರಾತ್ರಿಯ ಹೊತ್ತಿಗೆ ನಿಲ್ಲುತ್ತದೆ. ಹೋಗುವಾಗ ಇದ್ದ ರೈಲು ಬರುವಾಗ ಇಲ್ಲದೇ ಹೋಗಬಹುದು.

7. ಹೊರಡುವ ಹಿಂದಿನ ದಿನ

ಎರಡನೇ ವಿಮಾನಕ್ಕೂ ಆನ್‌ಲೈನ್ ಚೆಕ್‌ಇನ್ ಮಾಡಿ, ಬೋರ್ಡಿಂಗ್ ಪಾಸ್ ತೆಗೆದಿಟ್ಟುಕೊಳ್ಳಿ. ಊರಿನ ನಕ್ಷೆಯನ್ನು ನೆಟ್ ಇಲ್ಲದೆಯೂ ಕೆಲಸ ಮಾಡುವಂತೆ ಫೋನಿಗೆ ಇಳಿಸಿಕೊಳ್ಳಿ. ರೈಲಿನ ಹೆಸರು, ಇಳಿಯುವ ಸ್ಟೇಷನ್, ವಾಪಸ್ ಹೊರಡುವ ಗಂಟೆ ಇವನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿ, ಯಾಕೆಂದರೆ ಬ್ಯಾಟರಿ ಕೈಕೊಡುವುದು ಇಂಥ ದಿನವೇ. ಬ್ಯಾಂಕ್ ಕಾರ್ಡ್ ವಿದೇಶದಲ್ಲಿ ನಡೆಯುವಂತೆ ಆನ್ ಮಾಡಿಸಿಕೊಳ್ಳಿ. ಲಂಡನ್, ಸಿಂಗಾಪುರದ ಮೆಟ್ರೊಗಳಲ್ಲಿ ಟ್ಯಾಪ್ ಮಾಡುವಂಥ ಬ್ಯಾಂಕ್ ಕಾರ್ಡ್ ಅನ್ನೇ ಗೇಟಿಗೆ ತಾಗಿಸಿ ಒಳಗೆ ಹೋಗಬಹುದು, ಟಿಕೆಟ್ ಕ್ಯೂನಲ್ಲಿ ನಿಲ್ಲುವುದು ತಪ್ಪುತ್ತದೆ.

ವೀಲ್‌ಚೇರ್ ಸಹಾಯ ಕೇಳಿದ್ದರೆ, ನಡುವಿನ ಊರಿನಲ್ಲಿ ಆಚೆ ಹೋಗುವ ಯೋಚನೆ ಇದೆ ಅಂತ ಕಂಪನಿಗೆ ಮೊದಲೇ ತಿಳಿಸಿ. ಇಲ್ಲದಿದ್ದರೆ ಸಿಬ್ಬಂದಿ ನಿಮ್ಮನ್ನು ನೇರವಾಗಿ ಮುಂದಿನ ಗೇಟ್‌ಗೇ ಕರೆದುಕೊಂಡು ಹೋಗುತ್ತಾರೆ. ವಾಪಸ್ ಬಂದಾಗ ಯಾವ ಕೌಂಟರ್‌ಗೆ, ಎಷ್ಟು ಹೊತ್ತಿಗೆ ಬರಬೇಕು ಅಂತ ಕೇಳಿ ಬರೆದುಕೊಳ್ಳಿ.

8. ಇಳಿದ ಮೇಲೆ

ವಿಮಾನದಿಂದ ಹೊರಬಂದ ಕೂಡಲೇ ಎರಡು ಬಾಣದ ಗುರುತು ಕಾಣುತ್ತವೆ. ಒಂದು ಟ್ರಾನ್ಸ್‌ಫರ್, ಇನ್ನೊಂದು ಅರೈವಲ್ಸ್. ಜನರ ಹಿಂದೆ ಸುಮ್ನೆ ನಡೆದರೆ ಟ್ರಾನ್ಸ್‌ಫರ್ ಕಡೆ ಹೋಗಿ, ಸೆಕ್ಯುರಿಟಿ ದಾಟಿ, ಒಳಗೇ ಸೇರಿಬಿಡುತ್ತೀರಿ. ಅಲ್ಲಿಂದ ಹೊರಗೆ ಬರುವ ದಾರಿ ಹುಡುಕುವುದರಲ್ಲಿ ಅರ್ಧ ಗಂಟೆ ಹೋಗುತ್ತದೆ. ನಿಮಗೆ ಬೇಕಾದದ್ದು ಅರೈವಲ್ಸ್.

ನಡೆಯುತ್ತಲೇ ದೊಡ್ಡ ಪರದೆಯಲ್ಲಿ ನಿಮ್ಮ ಮುಂದಿನ ವಿಮಾನದ ಟರ್ಮಿನಲ್ ನೋಡಿಕೊಳ್ಳಿ. ಗಡಿಯಾರ ಅಲ್ಲಿನ ಸಮಯಕ್ಕೆ ತಿರುಗಿದೆಯಾ ನೋಡಿ. ಟಿಕೆಟ್ ಮೇಲಿನ ಗಂಟೆಗಳೆಲ್ಲ ಆಯಾ ಊರಿನ ಸಮಯವೇ. ಫೋನ್ ತಾನೇ ಬದಲಾಯಿಸಿಕೊಳ್ಳುತ್ತದೆ, ಕೈಗಡಿಯಾರ ಬದಲಾಯಿಸಿಕೊಳ್ಳುವುದಿಲ್ಲ.

ಇಮಿಗ್ರೇಶನ್ ಅಧಿಕಾರಿ ಯಾಕೆ ಬಂದಿರಿ ಅಂತ ಕೇಳಿದರೆ, ಇವತ್ತು ಸಂಜೆ ಮುಂದಿನ ವಿಮಾನ, ಅಲ್ಲಿಯವರೆಗೆ ಊರು ನೋಡುತ್ತೇವೆ ಅಂತ ಇದ್ದದ್ದನ್ನೇ ಹೇಳಿ ಬೋರ್ಡಿಂಗ್ ಪಾಸ್ ತೋರಿಸಿ.

ವಿಮಾನ ತಡವಾಗಿ ಇಳಿದಿದ್ದರೆ? ಕದಲದ ಗಂಟೆ ಮುಂದೆ ಹೋಗುವುದಿಲ್ಲ. ತಡವಾದಷ್ಟೂ ಊರಿನ ಸಮಯ ಕಮ್ಮಿ. ಇಮಿಗ್ರೇಶನ್ ಕ್ಯೂ ನೋಡಿ ಮತ್ತೊಮ್ಮೆ ಲೆಕ್ಕ ಹಾಕಿ. ಊರಿನಲ್ಲಿ ಒಂದೂವರೆ ಗಂಟೆಯೂ ಸಿಗುವುದಿಲ್ಲ ಅನ್ನಿಸಿದರೆ ಬಿಟ್ಟುಬಿಡಿ. ಅಷ್ಟು ಕಷ್ಟಪಟ್ಟು ಹೋಗಿ ಬರೀ ರೈಲು ನಿಲ್ದಾಣ ನೋಡಿ ಬರುವುದರಲ್ಲಿ ಸುಖ ಇಲ್ಲ.

9. ವಾಪಸ್ ಬರುವಾಗ

ಫೋನಿನಲ್ಲಿ ಎರಡು ಅಲಾರಂ ಇಡಿ. ಹೊರಡುವ ಗಂಟೆಗೆ ಒಂದು, ಅದಕ್ಕೂ ಅರ್ಧ ಗಂಟೆ ಮುಂಚೆ ಒಂದು. ಮೊದಲನೆಯದು ಹೊಡೆದಾಗ ಬಿಲ್ ಕೇಳಿ.

ಊರಿನಲ್ಲಿ ಏನಾದರೂ ಕೊಳ್ಳುವಾಗ ನೆನಪಿಡಿ: ನಿಮ್ಮ ದೊಡ್ಡ ಪೆಟ್ಟಿಗೆ ಆಗಲೇ ಮುಂದಕ್ಕೆ ಹೋಗಿದೆ. ಕೊಂಡದ್ದೆಲ್ಲ ಕೈಚೀಲದಲ್ಲೇ ಸೆಕ್ಯುರಿಟಿ ದಾಟಬೇಕು. 2006ರಲ್ಲಿ ದ್ರವರೂಪದ ಬಾಂಬ್ ಸಂಚು ಬಯಲಾದ ಮೇಲೆ ಬಂದ 100 ಮಿಲಿಲೀಟರ್ ನಿಯಮ ಇವತ್ತಿಗೂ ಹೆಚ್ಚಿನ ಏರ್‌ಪೋರ್ಟ್‌ಗಳಲ್ಲಿ ಇದೆ. ಜೇನು, ಅತ್ತರು, ಉಪ್ಪಿನಕಾಯಿ, ಎಣ್ಣೆ ಎಲ್ಲ ಇದರಲ್ಲಿ ಬರುತ್ತವೆ. ಚಾಕು, ಕತ್ತರಿಯಂಥ ನೆನಪಿನ ಕಾಣಿಕೆಯನ್ನೂ ಕಿತ್ತುಕೊಳ್ಳುತ್ತಾರೆ. ಮೊದಲ ಏರ್‌ಪೋರ್ಟ್‌ನ ಡ್ಯೂಟಿ ಫ್ರೀ ಅಂಗಡಿಯಲ್ಲಿ ಬಾಟಲಿ ಕೊಂಡಿದ್ದರೆ, ಸೀಲ್ ಮಾಡಿದ ಆ ಪಾರದರ್ಶಕ ಚೀಲ ಬಿಚ್ಚಬೇಡಿ, ರಸೀದಿ ಒಳಗೇ ಇರಲಿ. ಸೀಲ್ ಇದ್ದರೂ ಕೆಲವು ಕಡೆ ಒಪ್ಪುವುದಿಲ್ಲ. ಲೇಓವರ್‌ನಲ್ಲಿ ಆಚೆ ಹೋಗುವ ಯೋಚನೆ ಇದ್ದರೆ ಬಾಟಲಿಯನ್ನು ಕೊನೆಯ ಏರ್‌ಪೋರ್ಟ್‌ನಲ್ಲೇ ಕೊಳ್ಳಿ.

ಸೆಕ್ಯುರಿಟಿ ಎಲ್ಲಿ ನಡೆಯುತ್ತದೆ ಅನ್ನುವುದೂ ಊರಿಂದ ಊರಿಗೆ ಬೇರೆ. ಚಾಂಗಿಯ ಒಂದು, ಎರಡು, ಮೂರನೇ ಟರ್ಮಿನಲ್‌ಗಳಲ್ಲಿ ತಪಾಸಣೆ ನಡೆಯುವುದು ಗೇಟ್ ಬಾಗಿಲಲ್ಲೇ. ಇಮಿಗ್ರೇಶನ್ ಬೇಗ ಮುಗಿಯಿತು ಅಂತ ಅಂಗಡಿಗಳಲ್ಲಿ ಅಡ್ಡಾಡಿ ಕೊನೇ ಗಳಿಗೆಯಲ್ಲಿ ಹೋದರೆ ಗೇಟ್ ಮುಂದೆ ಮತ್ತೊಂದು ಕ್ಯೂ ಕಾದಿರುತ್ತದೆ.

10. ಒಳಗೇ ಇರುವುದಾದರೆ

ಇದನ್ನು ಸೋಲು ಅಂದುಕೊಳ್ಳಬೇಡಿ. ಇಡೀ ರಾತ್ರಿ ನಿದ್ದೆಗೆಟ್ಟು ಬಂದಿದ್ದರೆ, ಸ್ನಾನ ಮಾಡಿ ಎರಡು ಗಂಟೆ ಮಲಗುವುದು ಊರು ಸುತ್ತುವುದಕ್ಕಿಂತ ಒಳ್ಳೆಯದು. ದೊಡ್ಡ ಏರ್‌ಪೋರ್ಟ್‌ಗಳಲ್ಲಿ ದುಡ್ಡು ಕೊಟ್ಟು ಬಳಸುವ ಸ್ನಾನದ ಕೋಣೆ, ಗಂಟೆ ಲೆಕ್ಕದ ಹೋಟೆಲ್ ಇರುತ್ತವೆ. ಹೋಟೆಲ್ ಏರ್‌ಸೈಡ್‌ನಲ್ಲಿದೆಯಾ, ಲ್ಯಾಂಡ್‌ಸೈಡ್‌ನಲ್ಲಿದೆಯಾ ಅಂತ ಕೇಳಿ ಬುಕ್ ಮಾಡಿ. ಇಮಿಗ್ರೇಶನ್, ಸೆಕ್ಯುರಿಟಿ ದಾಟಿದ ಒಳಭಾಗ ಏರ್‌ಸೈಡ್, ಹೊರಭಾಗ ಲ್ಯಾಂಡ್‌ಸೈಡ್. ವೀಸಾ ಇಲ್ಲದವರಿಗೆ ಹೊರಭಾಗದ ಹೋಟೆಲ್ ಬುಕ್ ಆಗಿದ್ದರೂ ಪ್ರಯೋಜನ ಇಲ್ಲ.

ಚಾಂಗಿಯ ಜ್ಯುವೆಲ್ ಬಗ್ಗೆಯೂ ಇದೇ ಗೊಂದಲ. 2019ರಲ್ಲಿ ತೆರೆದ ಆ ಗಾಜಿನ ಗುಮ್ಮಟದೊಳಗೆ 40 ಮೀಟರ್ ಎತ್ತರದ ಜಲಪಾತ ಇದೆ, ಫೋಟೊಗಳಲ್ಲಿ ನೀವೂ ನೋಡಿರುತ್ತೀರಿ. ಅದು ಏರ್‌ಪೋರ್ಟ್ ಒಳಗಿದೆ ಅಂತ ಬಹಳ ಜನ ನಂಬಿದ್ದಾರೆ. ಅದು ಇರುವುದು ಲ್ಯಾಂಡ್‌ಸೈಡ್‌ನಲ್ಲಿ, ಹತ್ತಿರ ಹೋಗಿ ನಿಲ್ಲಲು ಇಮಿಗ್ರೇಶನ್ ದಾಟಲೇಬೇಕು.

ಮಲಗುವುದಾದರೆ ನಿಮ್ಮ ಗೇಟ್ ಹತ್ತಿರವೇ ಮಲಗಿ, ಅಲಾರಂ ಇಟ್ಟು. ಗೇಟ್ ನಂಬರ್ ಬದಲಾಗುವುದು ಸಾಮಾನ್ಯ, ಎಷ್ಟೋ ಏರ್‌ಪೋರ್ಟ್‌ಗಳಲ್ಲಿ ಈಗ ಮೈಕಿನಲ್ಲಿ ಕೂಗುವುದೂ ಇಲ್ಲ. ಪರದೆ ನೋಡುತ್ತಿರಬೇಕು.

ವಿಮಾನ ತಪ್ಪಿದರೆ ಏನು ಮಾಡುವುದು?

ನೀವಾಗಿಯೇ ಆಚೆ ಹೋಗಿ ತಡ ಮಾಡಿಕೊಂಡರೆ, ಒಂದೇ ಪಿಎನ್‌ಆರ್ ಇದ್ದರೂ ಇನ್ನೊಂದು ಸೀಟು ಪುಕ್ಕಟೆ ಕೊಡುವ ಬಾಧ್ಯತೆ ಕಂಪನಿಗೆ ಇಲ್ಲ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಒಂದು ವಿಮಾನಕ್ಕೆ ಹೇಳದೇ ಕೇಳದೇ ಗೈರಾದರೆ, ಅದೇ ಟಿಕೆಟ್‌ನಲ್ಲಿ ಮುಂದೆ ಉಳಿದ ಪ್ರಯಾಣ, ವಾಪಸ್ ಬರುವ ಟಿಕೆಟ್ ಸೇರಿ, ರದ್ದಾಗಬಹುದು. ಹತ್ತದ ಪ್ರಯಾಣಿಕರ ಪೆಟ್ಟಿಗೆಯನ್ನೂ ಸಾಮಾನ್ಯವಾಗಿ ವಿಮಾನದಿಂದ ಇಳಿಸುತ್ತಾರೆ. ಆದ್ದರಿಂದ ತಡವಾಗುವುದು ಖಚಿತ ಅನ್ನಿಸಿದ ಕ್ಷಣವೇ, ರೈಲಿನಲ್ಲಿದ್ದಾಗಲೇ, ವಿಮಾನ ಕಂಪನಿಗೆ ಫೋನ್ ಮಾಡಿ ಅಥವಾ ಆ್ಯಪ್‌ನಲ್ಲಿ ಬರೆಯಿರಿ. ವಿಮಾನ ಹೊರಡುವ ಮುಂಚೆ ತಿಳಿಸಿದವರಿಗೆ ಸೀಟು ಬದಲಿಸಿಕೊಡುವ ದಾರಿ ಇನ್ನೂ ತೆರೆದಿರಬಹುದು. ಹೊರಟ ಮೇಲೆ ಕೇಳಿದರೆ ಹೊಸ ಟಿಕೆಟ್‌ನ ದುಡ್ಡೇ ಕೇಳಬಹುದು. ಕಂಪನಿಯ ಆ ಫೋನ್ ನಂಬರ್ ಮತ್ತು ನಿಮ್ಮ ಪಿಎನ್‌ಆರ್, ಎರಡನ್ನೂ ಜೇಬಿನ ಚೀಟಿಯಲ್ಲಿ ಬರೆದುಕೊಂಡೇ ಏರ್‌ಪೋರ್ಟ್ ಬಾಗಿಲು ದಾಟಿ.